ಟ್ರಂಕಿನ ಕಾಗದ, ಗಾಜಿನ ಹಲಗೆ

ಮೈಸೂರಿನಿಂದ ಕೆ.ಆರ್. ನಗರ ದಾಟಿ ಹೊಳೆನರಸೀಪುರ, ಹಾಸನದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು ಭೇರ್ಯ ಸಿಗುತ್ತದೆ. ಮೊದಲು ಕೆ.ಆರ್. ನಗರ ತಾಲ್ಲೂಕಿನಲ್ಲಿತ್ತು, ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿದೆ. ನಮ್ಮ ಕಡೆಯ ಯಾವ ಹಳೇ ಮನೆಗೆ ಹೋದರೂ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಕಬ್ಬಿಣದ ಟ್ರಂಕು ಇರುತ್ತದೆ. ಅದರಲ್ಲಿ ಮದುವೆ ಸೀರೆಯ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಮನೆಯ ಕಾಗದಪತ್ರ. ಕ್ರಯಪತ್ರ, ಪಾಲುಪಟ್ಟಿ, ಹಳೇ ಪಹಣಿ, ಕಂದಾಯದ ರಸೀದಿ, ಜಾತಕ, ತೀರಿಹೋದವರ ಒಂದೆರಡು ಫೋಟೋ. ಈ ಟ್ರಂಕಿನ ಬಗ್ಗೆ, ಅದರೊಳಗಿನ ಕಾಗದವನ್ನು ನಾವೇ ನಮ್ಮ ಜಗಲಿಯಲ್ಲಿ ಕೂತು ಉಳಿಸಿಕೊಳ್ಳುವ ಒಂದು ದಾರಿಯ ಬಗ್ಗೆ ಇವತ್ತು ನಿಮ್ಮೊಂದಿಗೆ ಮಾತಾಡಬೇಕು ಅಂತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಊರಿನ ಹಿರಿಯರೊಬ್ಬರು ಎರಡು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಒಂದು ಭೂ ನ್ಯಾಯಮಂಡಳಿಯ ಆದೇಶದ ಪ್ರತಿ. ಇನ್ನೊಂದು, ಅದಕ್ಕೂ ಮೊದಲು ಅವರ ತಂದೆ ಗೇಣಿ ಜಮೀನಿಗಾಗಿ ಹಾಕಿದ್ದ ಏಳನೇ ನಮೂನೆ ಅರ್ಜಿಯ ನಕಲು. ಅರ್ಜಿ ನಾಲ್ಕು ಮಡಿಕೆ ಮಾಡಿದ್ದ ಕಾಗದ, ಮಡಿಕೆಗಳು ಸೇರುವ ನಡುಮಧ್ಯ ತೂತು ಬಿದ್ದಿತ್ತು. ಸರ್ವೆ ನಂಬರು ಸರಿಯಾಗಿ ಆ ಮಡಿಕೆಯ ಮೇಲೇ ಕೂತಿತ್ತು.

"ಮೇಷ್ಟ್ರೇ, ಜೋಪಾನ. ಎಳದ್ರೆ ಹರ್ಕೊಂಡ್ಬಿಡ್ತದೆ. ಇದು ನಮ್ಮಪ್ಪನ ಕಾಲದ್ದು" ಅಂದರು.

"ಬನ್ನಿ ಗೌಡ್ರೇ, ಕೂತ್ಕೊಳ್ಳಿ. ನಾನು ಮುಟ್ಟಲ್ಲ, ನೀವೇ ಬಿಚ್ಚಿ" ಅಂದೆ.

ಅವರೇ ಬಿಚ್ಚಿ ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಸಿದರು. ಮುಚ್ಚಳ ಮೆಲ್ಲಗೆ ಇಳಿಸಿದೆವು. ಒಂದು ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ತೆವಳಿಕೊಂಡು ಹೋಯಿತು. ಪರದೆಯ ಮೇಲೆ ಕಾಗದ ಮೂಡಿತು. ಮೊಬೈಲಿನಲ್ಲಿ ಫೋಟೋ ಹೊಡೆದಾಗ ಮಡಿಕೆಯ ನೆರಳಿನಲ್ಲಿ ಮುಚ್ಚಿಹೋಗಿದ್ದ ಸರ್ವೆ ನಂಬರು ಇಲ್ಲಿ ಓದುವಂತಿತ್ತು. ನೇರಳೆ ಶಾಯಿಯ ದುಂಡು ಮೊಹರು ಬೇರೆಯಾಗಿ, ಅದರ ಮೇಲೆ ಹಾಯ್ದ ನೀಲಿ ಸಹಿ ಬೇರೆಯಾಗಿ ಕಾಣುತ್ತಿತ್ತು. ಅರ್ಜಿಯ ಕೊನೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಅದನ್ನು ದೊಡ್ಡದು ಮಾಡಿ ತೋರಿಸಿದೆ. ಬೆಟ್ಟಿನ ಗೆರೆ ಗೆರೆಯೂ ಎದ್ದು ಬಂತು. ಹಿರಿಯರು ಪರದೆಯ ಹತ್ತಿರ ಬಗ್ಗಿ, "ನಮ್ಮಪ್ಪನ ಬೆಟ್ಟು" ಅಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಈ ಕಾಗದ ಎಲ್ಲಿಂದ ಬಂತು ಅನ್ನುವುದನ್ನು ಕಿರಿಯರು ತಿಳಿದಿರಬೇಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಮಾಡುತ್ತಿದ್ದ ರೈತರು ಏಳನೇ ನಮೂನೆ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಉಳುವವನ ಹೆಸರಿಗೆ ಹೊಲ ಬಂತು. ಹೊಲ ಬಂದದ್ದಕ್ಕೆ ಮನೆಯಲ್ಲಿ ಉಳಿದ ಗುರುತು ಆ ಒಂದೆರಡು ಹಾಳೆ. ಅವಕ್ಕೆ ಈಗ ಐವತ್ತು ವರ್ಷದ ಆಸುಪಾಸು. ಅಷ್ಟು ಕಾಲ ಅವು ಗೆದ್ದಲಿನಿಂದ, ಸೋರುವ ಮಾಡಿನಿಂದ, ಇಲಿಯಿಂದ ತಪ್ಪಿಸಿಕೊಂಡು ಬಂದದ್ದೇ ದೊಡ್ಡದು.

ನಮ್ಮ ಸುತ್ತಿನ ಒಂದೊಂದು ತಾಲ್ಲೂಕಿಗೂ ಅದರದ್ದೇ ಆದ ಕಾಗದವಿದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರ ಮನೆಯಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಲೈಸೆನ್ಸು, ಹರಾಜಿನ ಚೀಟಿ. ತಂಬಾಕು ಮಂಡಳಿ ಶುರುವಾದದ್ದು 1976ರಲ್ಲಿ, ಆಮೇಲೆ ಕೂಡಿಬಂದ ಕಾಗದ ಅದು. ಎಚ್.ಡಿ. ಕೋಟೆಯಲ್ಲಿ ಕಬಿನಿ ಹಿನ್ನೀರಿಗೆ ಊರು ಬಿಟ್ಟವರ ಪರಿಹಾರದ ಪತ್ರಗಳು. ಕಾಡಂಚಿನ ಜೇನುಕುರುಬ, ಕಾಡುಕುರುಬ ಹಾಡಿಗಳಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಗಳು. ಆ ಕಾಯ್ದೆಯಲ್ಲಿ ಹಕ್ಕು ಕೇಳುವವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿ ನೆಲೆಸಿದ್ದೆವು ಎಂದು ತೋರಿಸಬೇಕು. ಹಿರಿಯರ ಹೇಳಿಕೆಗೂ ಅಲ್ಲಿ ಬೆಲೆಯಿದೆ, ಆದರೆ ಜೊತೆಗೆ ಒಂದು ಹಳೇ ರಸೀದಿ, ಒಂದು ಹಳೇ ಪಟ್ಟಿ ಇದ್ದರೆ ಮಾತಿಗೆ ತೂಕ ಬರುತ್ತದೆ. ಹೀಗೆ, ಬಡವರ ಮನೆಯಲ್ಲಿ ಕಾಗದ ಕಳೆದರೆ ನೆನಪಿನ ಜೊತೆಗೆ ಕೆಲವು ಸಲ ನೆಲೆಯೂ ಹೋಗುತ್ತದೆ.

ಸರ್ಕಾರ ತನ್ನ ಕೆಲಸ ಮಾಡುತ್ತಿದೆ. ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯನ್ನು ನಾವು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಂಡಿದ್ದೇವೆ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಕಚೇರಿಯ ಕಾಗದವನ್ನು ಕಚೇರಿ ಉಳಿಸುತ್ತದೆ. ನಮ್ಮ ಟ್ರಂಕಿನ ಕಾಗದವನ್ನು ನಾವೇ ಉಳಿಸಬೇಕು.

ಇದಕ್ಕೆ ಬೇಕಾದ ಯಂತ್ರ ದೊಡ್ಡದೇನಲ್ಲ. ತೆಳು ಹಲಗೆಯಂಥ ಸ್ಕ್ಯಾನರ್. ನಾಲ್ಕು ಸೆಂಟಿಮೀಟರಿನಷ್ಟು ದಪ್ಪ, ಒಂದೂವರೆ ಕಿಲೋ ಆಸುಪಾಸಿನ ತೂಕ. ಶಾಲೆಯ ಮಕ್ಕಳ ಬ್ಯಾಗಿನಲ್ಲಿ ಕೂರುತ್ತದೆ. ಹಳೇ ಕಾಲದ ದಪ್ಪ ಸ್ಕ್ಯಾನರುಗಳಲ್ಲಿ ಟ್ಯೂಬ್ ದೀಪ, ಕನ್ನಡಿಗಳು, ಮಸೂರ ಎಲ್ಲ ಇರುತ್ತಿದ್ದವು. ಇದರಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಕೊಡುವ ಸಣ್ಣ ಎಲ್‌ಇಡಿಗಳು, ಕಾಗದದ ಅಗಲಕ್ಕೂ ಚಾಚಿದ ಒಂದು ಸಂವೇದಕ ಪಟ್ಟಿ ಗಾಜಿನ ಕೆಳಗೇ ಓಡಾಡುತ್ತವೆ. ಅದಕ್ಕೇ ಅಷ್ಟು ತೆಳ್ಳಗೆ. ಇದಕ್ಕೆ ಬೇರೆ ಕರೆಂಟಿನ ಪ್ಲಗ್ಗೂ ಬೇಡ. ಒಂದೇ ಯುಎಸ್‌ಬಿ ತಂತಿ, ಅದರಲ್ಲೇ ವಿದ್ಯುತ್ತೂ ಬರುತ್ತದೆ, ಚಿತ್ರವೂ ಹೋಗುತ್ತದೆ. ಕರೆಂಟು ಹೋಗಿಬರುವ ಊರುಗಳಲ್ಲಿ ಇದರ ಬೆಲೆ ಏನೆಂದು ನಾನು ಹೇಳಬೇಕಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಚಾರ್ಜಿದ್ದರೆ ಸಾಕು, ಜಗಲಿಯ ಮೇಲೋ ಅರಳಿಕಟ್ಟೆಯ ಮೇಲೋ ಕೂತು ಕೆಲಸ ಮುಗಿಸಬಹುದು.

ನನ್ನ ಸ್ಕ್ಯಾನರನ್ನು ನಾನು ಕೊಂಡದ್ದಲ್ಲ. ಜೆರಾಕ್ಸ್ ಅಂಗಡಿ ಇಟ್ಟಿದ್ದ ಗೆಳೆಯರೊಬ್ಬರು ಹೊಸ ಕಂಪ್ಯೂಟರ್ ತಂದರು. ಹಳೇ ಸ್ಕ್ಯಾನರನ್ನು ಸಿಕ್ಕಿಸಿದರೆ ಹೊಸ ಯಂತ್ರ ಅದನ್ನು ಗುರುತಿಸಲೇ ಇಲ್ಲ. ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ವಿಂಡೋಸಿನ ಹೊಸ ಆವೃತ್ತಿಗೆ ಬಂದಿರಲಿಲ್ಲ. ಗಾಜು ಚೆನ್ನಾಗಿತ್ತು, ದೀಪ ಉರಿಯುತ್ತಿತ್ತು, ಮೋಟಾರು ಓಡುತ್ತಿತ್ತು. ಆದರೂ ಗುಜರಿಗೆ ಹೊರಟಿತ್ತು. ನಾನು ಕೇಳಿ ಮನೆಗೆ ತಂದೆ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹಾಕಿದ್ದ ನನ್ನ ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸಿಡಿ ಹಾಕಲಿಲ್ಲ, ಏನನ್ನೂ ಇಳಿಸಿಕೊಳ್ಳಲಿಲ್ಲ. ಸ್ಕ್ಯಾನ್ ತಂತ್ರಾಂಶ ತೆರೆದರೆ ಯಂತ್ರದ ಹೆಸರು ಆಗಲೇ ಅಲ್ಲಿತ್ತು.

ಇದು ಹೇಗಾಯಿತು? ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುವ ಒಂದು ಮಾತು ಹೇಳುತ್ತೇನೆ. ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಒಂದು ಜೊತೆ ಎತ್ತು ತಂದಿರಿ ಅಂತಿಟ್ಟುಕೊಳ್ಳಿ. ಎತ್ತು ಗಟ್ಟಿ, ದುಡಿಮೆಗಾರ. ಆದರೆ ಹಳೇ ಯಜಮಾನ ಯಾವ ಸದ್ದು ಮಾಡಿದರೆ ತಿರುಗುತ್ತಿತ್ತು, ಯಾವ ಮಾತಿಗೆ ನಿಲ್ಲುತ್ತಿತ್ತು ಅನ್ನುವುದು ನಿಮಗೆ ಗೊತ್ತಾಗುವವರೆಗೆ ನೇಗಿಲು ಸಾಲು ಹಿಡಿಯುವುದಿಲ್ಲ. ಸ್ಕ್ಯಾನರೂ ಹಾಗೆ. ಅದರೊಳಗಿನ ಚಿಪ್ಪಿಗೆ ದೀಪ ಹೊತ್ತಿಸು, ಪಟ್ಟಿ ಸರಿಸು, ಈ ಗೆರೆ ಓದು ಎಂದು ಹೇಳುವ ಅದರದ್ದೇ ಭಾಷೆಯಿದೆ. ಆ ಭಾಷೆ ಬಲ್ಲ ತಂತ್ರಾಂಶವೇ ಡ್ರೈವರ್. ಭಾಷೆಯನ್ನು ತಯಾರಕರೊಬ್ಬರೇ ಬಲ್ಲರು ಅಂದರೆ, ಅವರು ಹೇಳಿಕೊಡುವುದನ್ನು ನಿಲ್ಲಿಸಿದ ದಿನ ಗಟ್ಟಿಮುಟ್ಟಾದ ಎತ್ತೂ ಕೊಟ್ಟಿಗೆಯಲ್ಲಿ ಸುಮ್ಮನೆ ನಿಲ್ಲಬೇಕಾಗುತ್ತದೆ.

ಆ ಭಾಷೆಯನ್ನು ಕಲಿತು ಎಲ್ಲರಿಗೂ ಬರೆದಿಟ್ಟವರು ಸ್ವಯಂಸೇವಕರು. ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ 1991ರಲ್ಲಿ ಲಿನಕ್ಸ್ ಶುರುಮಾಡಿದ. ಅದಕ್ಕೂ ಮೊದಲು, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದ್ದರು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಅನ್ನುವುದು ಇದರ ನೆಲಗಟ್ಟು. ಈ ಲೋಕದಲ್ಲಿ ಸ್ಕ್ಯಾನರುಗಳಿಗಾಗಿ ಹುಟ್ಟಿದ್ದು ಸೇನ್. 'ಸ್ಕ್ಯಾನರ್ ಆಕ್ಸೆಸ್ ನೌ ಈಸಿ' ಎಂಬ ನಾಲ್ಕು ಪದಗಳ ಮೊದಲಕ್ಷರ ಸೇರಿ ಆದ ಹೆಸರು. ಇದನ್ನು ಕಟ್ಟಿದವರಿಗೆ ಎಷ್ಟೋ ಸಲ ತಯಾರಕರ ದಾಖಲೆ ಸಿಗಲಿಲ್ಲ. ಕಂಪ್ಯೂಟರಿಗೂ ಸ್ಕ್ಯಾನರಿಗೂ ನಡುವೆ ತಂತಿಯಲ್ಲಿ ಹರಿಯುವ ಮಾತನ್ನು ಕದ್ದು ಕೇಳಿದಂತೆ ದಾಖಲಿಸಿ, ಯಾವ ಸಂಕೇತಕ್ಕೆ ಯಂತ್ರ ಏನು ಮಾಡುತ್ತದೆ ಎಂದು ಒಂದೊಂದಾಗಿ ಗುರುತು ಹಾಕಿಕೊಂಡರು. ಹೊಸ ಎತ್ತನ್ನು ಪಳಗಿಸುವ ತಾಳ್ಮೆಯೇ ಅದು.

ಅದರ ಫಲ ನೋಡಿ. ಕ್ಯಾನನ್ ಕಂಪನಿಯ ಲೈಡ್ ಎಂಬ ತೆಳು ಸ್ಕ್ಯಾನರುಗಳ ಸಾಲು ನಮ್ಮ ಊರುಗಳಲ್ಲೂ ಕಾಣಸಿಗುತ್ತದೆ. ಲೈಡ್ 20, 25, 30ಕ್ಕೆ ಸೇನ್‌ನಲ್ಲಿ ಪ್ಲಸ್‌ಟೆಕ್ ಎಂಬ ಭಾಗವಿದೆ. 60, 100, 110, 120, 200, 210, 220ಕ್ಕೆ ಜೆನೆಸಿಸ್ ಎಂಬುದು. ಆಮೇಲೆ ಬಂದ 300, 400ಕ್ಕೆ ಪಿಕ್ಸ್‌ಮಾ ಎಂಬುದು. ಲಿನಕ್ಸಿನ ಬಗೆಗಳಾದ ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಇವುಗಳಲ್ಲಿ ಯಾವುದನ್ನು ಹಾಕಿಕೊಂಡರೂ ಇವೆಲ್ಲ ಜೊತೆಯಲ್ಲೇ ಬರುತ್ತವೆ, ಇಲ್ಲವೇ ಹಣ ಕೊಡದೆ ಸೇರಿಸಿಕೊಳ್ಳಬಹುದು. ಎಲ್ಲ ಕಂಪನಿಯ ಎಲ್ಲ ಯಂತ್ರಕ್ಕೂ ಇದು ಅನ್ವಯಿಸುವುದಿಲ್ಲ. ಆದ್ದರಿಂದ ಹೊಸದು ಕೊಳ್ಳುವವರು ಮೊದಲು ಸೇನ್‌ನ ಪಟ್ಟಿಯಲ್ಲಿ ಆ ಮಾದರಿಯ ಹೆಸರು ನೋಡಿ, ಆಮೇಲೆ ಕೊಳ್ಳಿ.

ಬಳಸುವ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಸ್ಕ್ಯಾನರನ್ನು ತಲೆಕೆಳಗು ಮಾಡಿ ನೋಡಿ. ಕೆಲವು ಮಾದರಿಗಳ ಅಡಿಯಲ್ಲಿ ಬೀಗದ ಗುರುತಿರುವ ಸಣ್ಣ ಗುಂಡಿಯಿರುತ್ತದೆ. ಸಾಗಿಸುವಾಗ ಒಳಗಿನ ಪಟ್ಟಿ ಅಲ್ಲಾಡದಿರಲಿ ಎಂದು ಹಾಕಿದ ಬೀಗ ಅದು. ಅದನ್ನು ತೆಗೆಯದೆ ಓಡಿಸಿದರೆ ಯಂತ್ರ ಕರಕರ ಎಂದು ನಿಲ್ಲುತ್ತದೆ. ತಂತಿಯನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ. ನಾಲ್ಕು ಬಾಯಿಯ ಹಬ್ಬಿನ ಮೂಲಕ ಕೊಟ್ಟರೆ ವಿದ್ಯುತ್ ಸಾಲದೆ ಅರ್ಧಕ್ಕೇ ನಿಂತೀತು. ಆಮೇಲೆ ಉಬುಂಟುವಿನ ಡಾಕ್ಯುಮೆಂಟ್ ಸ್ಕ್ಯಾನರ್ ತೆರೆಯಿರಿ. ಅಲ್ಲಿ ಬರಹ (ಟೆಕ್ಸ್ಟ್) ಮತ್ತು ಚಿತ್ರ (ಇಮೇಜ್) ಎಂಬ ಎರಡು ಆಯ್ಕೆ ಇವೆ. ಹಳೇ ಕಾಗದಕ್ಕೆ ಚಿತ್ರ ಎಂಬುದನ್ನೇ ಆರಿಸಿ. ಬರಹ ಎಂದು ಆರಿಸಿದರೆ ಬಣ್ಣ ಬರುವುದಿಲ್ಲ, ಮಾಸಿದ ನೇರಳೆ ಮೊಹರು ಕಾಗದದ ಕಂದುಬಣ್ಣದಲ್ಲಿ ಕಳೆದುಹೋಗುತ್ತದೆ. ಯಂತ್ರ ಕಾಣಿಸದಿದ್ದರೆ ಟರ್ಮಿನಲ್ ತೆರೆದು 'ಸ್ಕ್ಯಾನ್‌ಇಮೇಜ್' ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಕೂಡಿಸಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ, ದೊಡ್ಡಕ್ಷರದ ಎಲ್ ಹಾಕಿ. ಸೇನ್‌ಗೆ ಕಂಡ ಸ್ಕ್ಯಾನರುಗಳ ಹೆಸರು ಅಲ್ಲಿ ಬರುತ್ತದೆ. ಬರದಿದ್ದರೆ ಊರಿನ ಡಿಪ್ಲೊಮಾ ಓದುವ ಹುಡುಗ ಹುಡುಗಿಯರನ್ನು ಕೇಳಿ. ಅವರಿಗೆ ಇದು ಒಳ್ಳೆಯ ಕಲಿಕೆ.

ಒಂದು ಅಂಗುಲಕ್ಕೆ 300 ಚುಕ್ಕಿ ಸಾಮಾನ್ಯ ಕಾಗದಕ್ಕೆ ಸಾಕು. ಎ4 ಹಾಳೆಯಲ್ಲಿ ಅದು ಸುಮಾರು 87 ಲಕ್ಷ ಚುಕ್ಕಿ ಆಗುತ್ತದೆ. ಹೆಬ್ಬೆಟ್ಟು, ಮೊಹರು, ಹಳೇ ಫೋಟೋ, ಸರ್ವೆ ನಕ್ಷೆ ಇದ್ದರೆ 600 ಇಟ್ಟುಕೊಳ್ಳಿ. ಚುಕ್ಕಿಗಳು ನಾಲ್ಕು ಪಟ್ಟಾಗುತ್ತವೆ, ಕಡತವೂ ಅಷ್ಟೇ ದೊಡ್ಡದಾಗುತ್ತದೆ. ನಕ್ಷೆಗೆ ಹಲಗೆ ಸ್ಕ್ಯಾನರೇ ಯಾಕೆ ಬೇಕು ಅಂದರೆ, ಕಾಗದ ಗಾಜಿಗೆ ಅಂಟಿ ಮಲಗುವುದರಿಂದ ಅಳತೆ ಓರೆಯಾಗುವುದಿಲ್ಲ. ಮೊಬೈಲು ಒಂದು ಕಡೆ ವಾಲಿದರೂ ಚೌಕದ ಹೊಲ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿ ಬರುತ್ತದೆ. ಆದರೆ ಈ ತೆಳು ಸ್ಕ್ಯಾನರಿಗೆ ಒಂದು ಮಿತಿಯಿದೆ. ಗಾಜಿನಿಂದ ಸ್ವಲ್ಪ ಮೇಲೆದ್ದದ್ದು ಅದಕ್ಕೆ ಮಸುಕು. ದಪ್ಪ ಪುಸ್ತಕದ ಬೆನ್ನಿನ ಹತ್ತಿರದ ಸಾಲುಗಳು ಸರಿಯಾಗಿ ಬರುವುದಿಲ್ಲ. ಅದಕ್ಕೆಂದು ಹಳೇ ಪುಸ್ತಕವನ್ನು ಅದುಮಿ ಬೆನ್ನು ಮುರಿಯಬೇಡಿ.

ನಾನು ಮಾಡುತ್ತ ಮಾಡುತ್ತ ಕಲಿತದ್ದು ಇನ್ನೂ ಒಂದೆರಡಿದೆ. ತೆಳು ಕಾಗದದಲ್ಲಿ ಹಿಂಬದಿಯ ಶಾಯಿ ಮುಂದೆ ಇಣುಕುತ್ತದೆ, ಎರಡೂ ಬರಹ ಬೆರೆತು ಓದಲಾಗುವುದಿಲ್ಲ. ಕಾಗದದ ಬೆನ್ನಿಗೆ ಒಂದು ಕಪ್ಪು ಹಾಳೆ ಇಟ್ಟು ಮುಚ್ಚಳ ಹಾಕಿ. ಬಿಳಿ ಮುಚ್ಚಳದಿಂದ ಬೆಳಕು ಹಿಂದಿರುಗುವುದು ನಿಂತು ಮುಂಬದಿಯ ಅಕ್ಷರ ಸ್ಪಷ್ಟವಾಗುತ್ತದೆ. ಹರಿದ ಕಾಗದಕ್ಕೆ ಪ್ಲಾಸ್ಟಿಕ್ ಟೇಪು ಅಂಟಿಸಬೇಡಿ. ಹಳೇ ದಾಖಲೆಯನ್ನು ಲ್ಯಾಮಿನೇಷನ್ ಮಾತ್ರ ಖಂಡಿತ ಮಾಡಿಸಬೇಡಿ. ಬಿಸಿಗೆ ಸಿಕ್ಕಿ ಪ್ಲಾಸ್ಟಿಕ್ಕಿಗೆ ಅಂಟಿದ ಕಾಗದವನ್ನು ಮತ್ತೆ ಬಿಡಿಸಲಾಗದು. ಹಿಂಬದಿ ಖಾಲಿಯೆಂದು ಬಿಡಬೇಡಿ, ಅಲ್ಲೇ ತಾರೀಖು, ಸೀಲು, ಯಾರೋ ಪೆನ್ಸಿಲಿನಲ್ಲಿ ಬರೆದ ಲೆಕ್ಕ ಇರುತ್ತದೆ. ಕಡತಕ್ಕೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ಊರು, ಸರ್ವೆ ನಂಬರು, ಕೊನೆಗೆ ಏನು ಕಾಗದ ಎಂದು ಬರೆಯಿರಿ. ಸುಮ್ಮನೆ ಸ್ಕ್ಯಾನ್ ಒಂದು, ಸ್ಕ್ಯಾನ್ ಎರಡು ಎಂದು ಬಿಟ್ಟರೆ ಟ್ರಂಕಿನ ಗೊಂದಲವೇ ಕಂಪ್ಯೂಟರಿಗೂ ಬರುತ್ತದೆ. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಹತ್ತಿರವೋ ತಮ್ಮನ ಹತ್ತಿರವೋ ಇರಲಿ.

ಕಡತ ಎಂಬ ಪದಕ್ಕೂ ಒಂದು ಕಥೆಯಿದೆ. ನಾವು ಕಚೇರಿಯ ಫೈಲಿಗೆ ಕಡತ ಅನ್ನುತ್ತೇವೆ. ಆ ಪದ ಹುಟ್ಟಿದ್ದು ಬಟ್ಟೆಯಿಂದ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಶ್ಯಾನುಭೋಗರು ಊರಿನ ಲೆಕ್ಕ ಬರೆಯುತ್ತಿದ್ದರು. ಓಲೆಗರಿ ಹೋಯಿತು, ಬಟ್ಟೆಯ ಕಡತ ಹೋಯಿತು, ಈಗ ಕಾಗದದ ಸರದಿ. ಉಳಿಸಿದವರಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಮೈಸೂರೇ ಸಾಕ್ಷಿ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ಅದನ್ನು ಯಾರೋ ಅಷ್ಟು ಕಾಲ ಕಾಪಾಡಿಕೊಂಡು ಬಂದಿದ್ದರಿಂದಲೇ ಜಗತ್ತು ಅದನ್ನು ಓದಿತು.

ಸ್ಕ್ಯಾನ್ ಮಾಡಿದ ಅಚ್ಚಿನ ಪುಟವನ್ನು ಓದಿ ಅಕ್ಷರವಾಗಿಸುವ ಮುಕ್ತ ತಂತ್ರಾಂಶವೂ ನಮಗಿದೆ. ಟೆಸರಾಕ್ಟ್ ಎಂಬುದು 2005ರಲ್ಲಿ ಮುಕ್ತವಾಯಿತು, ಕನ್ನಡವನ್ನೂ ಓದುತ್ತದೆ. ಒತ್ತಕ್ಷರದಲ್ಲಿ ಎಡವುತ್ತದೆ, ತಿದ್ದುವ ಕಣ್ಣು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ.ಜಿ. ರಾಮಕೃಷ್ಣನ್ ಅವರ ತಂಡ ಲಿಪಿ ಜ್ಞಾನಿ ಎಂಬ ತಂತ್ರಾಂಶವನ್ನು ಕನ್ನಡ ಲಿಪಿಗೆಂದೇ ಕಟ್ಟಿದೆ. ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು ಕನ್ನಡದ ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ಸಿಗುವಂತೆ ಮಾಡುತ್ತಿದ್ದಾರೆ. ನಮ್ಮ ಶಾಲೆಗಳಲ್ಲಿ, ಹಳೇ ವಾಚನಾಲಯಗಳಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್ಲು ಇದ್ದರೆ ಅವೂ ಈ ದೊಡ್ಡ ಕಣಜಕ್ಕೆ ಸೇರಬೇಕು.

ಎರಡು ಎಚ್ಚರಿಕೆಯ ಮಾತು. ಸ್ಕ್ಯಾನ್ ಮಾಡಿದ ಪ್ರತಿ ಮೂಲ ಕಾಗದಕ್ಕೆ ಬದಲಿಯಲ್ಲ. ಮೂಲವನ್ನು ಮತ್ತೆ ಜೋಪಾನವಾಗಿ ಎತ್ತಿಡಿ, ಕೋರ್ಟು ಕಚೇರಿಗೆ ಬೇಕಾದಾಗ ದೃಢೀಕೃತ ನಕಲನ್ನು ಕಚೇರಿಯಿಂದಲೇ ಪಡೆಯಿರಿ. ಇನ್ನೊಂದು, ಮನೆಯ ದಾಖಲೆಯನ್ನು ಹೊರಗಡೆ ಸ್ಕ್ಯಾನ್ ಮಾಡಿಸಿದರೆ ಅದರ ಒಂದು ಪ್ರತಿ ಅಲ್ಲಿನ ಕಂಪ್ಯೂಟರಿನಲ್ಲಿ ಉಳಿಯಬಹುದು. ಆಧಾರ್, ಪಾಸ್‌ಬುಕ್, ಆಸ್ತಿಪತ್ರ ಊರವರ ಕಣ್ಣಿಗೆಲ್ಲ ಬೀಳುವ ವಸ್ತುಗಳಲ್ಲ. ಅವನ್ನು ನಮ್ಮ ಕೈಯಲ್ಲಿರುವ ಯಂತ್ರದಲ್ಲಿ, ಒಳಗೇನಿದೆ ಎಂದು ಯಾರು ಬೇಕಾದರೂ ನೋಡಬಹುದಾದ ತಂತ್ರಾಂಶದಲ್ಲಿ ಸ್ಕ್ಯಾನ್ ಮಾಡಿಕೊಳ್ಳುವುದೇ ಕ್ಷೇಮ.

ಈ ಮಾತನ್ನು ಮೈಸೂರು ಸೀಮೆಯ ಬಾನುಲಿಯಲ್ಲಿ ಹೇಳುವಾಗ ಒಂದು ನೆನಪು ಬರುತ್ತದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಕೇಂದ್ರ ಶುರುಮಾಡಿದ್ದು ತಮ್ಮ ಮನೆಯಲ್ಲೇ, ವಿಠಲ ವಿಹಾರದಲ್ಲಿ. ಆಕಾಶವಾಣಿ ಎಂಬ ಹೆಸರು ಆ ಮನೆಯ ಕೇಂದ್ರದ್ದು. ಬೇರೆ ಯಾರೋ ಬಂದು ಮಾಡಲಿ ಎಂದು ಅವರು ಕಾಯಲಿಲ್ಲ. ನಾವೂ ಕಾಯಬೇಕಿಲ್ಲ, ಯಂತ್ರಗಳು ನಮ್ಮ ಊರುಗಳಲ್ಲೇ ಇವೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಶಾಲೆ, ಪಂಚಾಯಿತಿ, ಅಂಗಡಿಗಳಲ್ಲಿ ಎಷ್ಟೋ ಕಂಪ್ಯೂಟರು, ಅವುಗಳ ಜೊತೆಗೆ ಸ್ಕ್ಯಾನರು ಬೀರುವಿನ ಮೇಲೆ ಧೂಳು ಹಿಡಿದು ಕೂತಿವೆ. ಅವನ್ನು ಗುಜರಿಗೆ ಕೊಡುವ ಮುಂಚೆ ಒಂದು ಸಲ ಲಿನಕ್ಸ್ ಹಾಕಿ, ಸ್ಕ್ಯಾನರಿನ ತಂತಿ ಸಿಕ್ಕಿಸಿ ನೋಡಿ. ಒಂದು ಊರಿಗೆ ಒಂದು ಸ್ಕ್ಯಾನರ್ ಇದ್ದರೆ, ವಾರಕ್ಕೊಂದು ಸಂಜೆ ಅದನ್ನು ಶಾಲೆಯ ಜಗಲಿಯಲ್ಲಿಟ್ಟರೆ, ವರ್ಷದೊಳಗೆ ಆ ಊರಿನ ಟ್ರಂಕುಗಳಲ್ಲಿರುವ ಮುಖ್ಯ ಕಾಗದವೆಲ್ಲ ಉಳಿದುಕೊಳ್ಳುತ್ತದೆ. ಈ ಭಾನುವಾರ ನಿಮ್ಮ ಮನೆಯ ಟ್ರಂಕು ತೆಗೆಯಿರಿ. ಎಲ್ಲಕ್ಕಿಂತ ಹಳೆಯ ಕಾಗದ ಯಾವುದೋ ಅದರಿಂದ ಶುರುಮಾಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದು ಯಾರದು, ಯಾವ ಹೊಲದ್ದು ಎಂದು ಕೇಳಿ ಬರೆದುಕೊಳ್ಳಿ. ಕಾಗದವನ್ನು ಯಂತ್ರ ಉಳಿಸಿಕೊಡುತ್ತದೆ, ಅದರ ಹಿಂದಿನ ಮಾತು ಅವರ ಬಾಯಿಂದಲೇ ಬರಬೇಕು.